ಬೆಸುಗೆಯ ಅಂಚು

ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾನು ಸಾಹಿತಿಯಲ್ಲ, ಉಪಾಧ್ಯಾಯನೂ ಅಲ್ಲ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತೈದು ವರ್ಷಗಳ ಕಾಲ ವಿದ್ಯುನ್ಮಾನ ಫಲಕಗಳನ್ನು ಪರೀಕ್ಷಿಸಿ, ಅವು ಸರಿಯಾಗಿವೆಯೆಂದು ಮುದ್ರೆಯೊತ್ತುವ ಕೆಲಸ ಮಾಡಿ ನಿವೃತ್ತನಾದವನು. ಅದೇ ಪತ್ರದಲ್ಲಿ, ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಮಕ್ಕಳು ಎಲೆಕ್ಟ್ರಾನಿಕ್ಸ್ ಕೈಕೆಲಸ ಕಲಿಯಲು ಒಂದು ಮೇಜನ್ನು ಸಜ್ಜುಗೊಳಿಸುವ ಆಲೋಚನೆಯಿದೆಯೆಂದೂ, ಅದಕ್ಕೆ ಬೇಕಾದ ಸಲಕರಣೆಗಳ ಪಟ್ಟಿಯನ್ನು ನಾನು ಕೊಡಬೇಕೆಂದೂ ಕೇಳಿದ್ದರು. ಪಟ್ಟಿಯೇನೋ ಒಂದು ಪುಟದಲ್ಲಿ ಮುಗಿಯುತ್ತದೆ. ಈ ಬರಹದ ಕೊನೆಯಲ್ಲಿ ಅದನ್ನು ಕೊಟ್ಟಿದ್ದೇನೆ. ಆದರೆ ಪಟ್ಟಿಯಲ್ಲಿ ಸೇರಿಸಲಾಗದ ಒಂದು ಸಂಗತಿಯೂ ಇದೆ. ಅದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ. ವಾಚಕರು ಸಹನೆಯಿಂದ ಓದಬೇಕೆಂದು ಕೋರುತ್ತೇನೆ.

ನಾನು ಬೆಸುಗೆಯನ್ನು ಮೊದಲು ಕಂಡದ್ದು ಯಾವ ಕಾರ್ಖಾನೆಯಲ್ಲಿಯೂ ಅಲ್ಲ. ಉಳವಿಯ ನಮ್ಮ ಮನೆಯ ಅಂಗಳದ ಆಚೆಯಿದ್ದ ಹಲಸಿನ ಮರದ ಬುಡದಲ್ಲಿ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಕಲಾಯಿ ಸಾಬರು ಊರಿಗೆ ಬರುತ್ತಿದ್ದರು. ನೆಲದಲ್ಲಿ ಸಣ್ಣ ಕುಳಿ ತೋಡಿ, ತಿದಿಯ ಮೂತಿಯನ್ನು ಅದರೊಳಗೆ ಹೂಳಿ, ಇದ್ದಿಲು ತುಂಬಿ ಬೆಂಕಿ ಮಾಡುತ್ತಿದ್ದರು. ತಿದಿ ಒತ್ತುವ ಕೆಲಸಕ್ಕೆ ನಮ್ಮಂಥ ಹುಡುಗರು ಪೈಪೋಟಿಯಿಂದ ಮುಂದೆ ಬರುತ್ತಿದ್ದೆವು. ಮರಳಿನಲ್ಲಿ ಉಜ್ಜಿ ತೊಳೆದ ಹಿತ್ತಾಳೆಯ ತಪ್ಪಲೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತ ಕಾಯಿಸಿ, ಅದರೊಳಕ್ಕೆ ಒಂದು ಚಿಟಿಕೆ ನವಸಾಗರದ ಪುಡಿ ಎರಚಿದೊಡನೆ ಬಿಳಿಯ ಹೊಗೆ ಬುಸ್ಸೆಂದು ಏಳುತ್ತಿತ್ತು. ಆ ಹೊಗೆಯ ನಡುವೆಯೇ ತವರದ ಕಡ್ಡಿಯನ್ನು ಪಾತ್ರೆಗೆ ಮುಟ್ಟಿಸಿ, ಕರಗಿದ ತವರವನ್ನು ಹತ್ತಿಯಿಂದ ಒಂದೇ ಬೀಸಿಗೆ ಸುತ್ತಲೂ ಬಳಿದುಬಿಡುತ್ತಿದ್ದರು. ಕಂದು ಬಣ್ಣದ ಒಳಮೈ ಕಣ್ಣೆದುರಿಗೇ ಬೆಳ್ಳಿಯಾಗುತ್ತಿತ್ತು.

ನಮಗೆ ಅದೊಂದು ಇಂದ್ರಜಾಲ. ನಮ್ಮ ತಾಯಿಗೆ ಮಾತ್ರ ಹಾಗಲ್ಲ. ಆಕೆ ಪಾತ್ರೆಯನ್ನು ಬೆಳಕಿಗೆ ಹಿಡಿದು, ಕಂಠದ ಕೆಳಗಿನ ಮಡಿಕೆಯಲ್ಲಿ ಬೆರಳಾಡಿಸಿ ನೋಡುತ್ತಿದ್ದಳು. ಒಮ್ಮೆ ಒಂದು ತಪ್ಪಲೆಯನ್ನು ಹಿಂದಕ್ಕೆ ಕೊಟ್ಟು, "ಹೊಳೆಯೋದೇನೋ ಹೊಳೀತೈತೆ, ಮೂಲೆಯಾಗೆ ಹಿಡಿದಿಲ್ಲ ನೋಡ್ರಿ ಸಾಬ್ರೆ" ಎಂದಳು. ಅವರು ಒಂದು ಕ್ಷಣ ನೋಡಿ, ನಕ್ಕು, "ಹೌದವ್ವ" ಎಂದು ಮತ್ತೆ ಬೆಂಕಿಗಿಟ್ಟರು. ಕಲಾಯಿ ಹಿಡಿಯದ ಕಡೆ ಹುಳಿ ತಗುಲಿದರೆ ಕಿಲುಬು ಏಳುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ ಎಂಬುದನ್ನು ಆಕೆ ಬಲ್ಲಳು. ಹೊಳೆಯುವುದು ಬೇರೆ, ಹಿಡಿಯುವುದು ಬೇರೆ ಎಂಬ ಪಾಠ ನನಗೆ ಅಂದೇ ದೊರೆತಿತ್ತು. ಅದು ತಲೆಗೆ ಹತ್ತಲು ಮಾತ್ರ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಪ್ರೌಢಶಾಲೆಯ ದಿನಗಳಲ್ಲಿ ಒಮ್ಮೆ ಮನೆಯ ರೇಡಿಯೋ ಕೆಟ್ಟು, ತಂದೆಯವರೊಡನೆ ಸಾಗರಕ್ಕೆ ಹೋಗಿದ್ದೆ. ಅಂಗಡಿಯಾತ ಅದರ ಬೆನ್ನು ಬಿಚ್ಚಿದಾಗ ಒಳಗೆ ಗಾಜಿನ ವಾಲ್ವುಗಳೂ, ಕಾಡುಬಳ್ಳಿಗಳಂತೆ ಹೆಣೆದುಕೊಂಡ ತಂತಿಗಳೂ ಕಂಡವು. ಆತ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಒದ್ದೆ ಬಟ್ಟೆಗೆ ಒರೆಸಿ, ಒಂದು ಸಂದಿಗೆ ಒತ್ತಿ, ಬೆಳ್ಳಿಯ ಬಣ್ಣದ ತಂತಿಯನ್ನು ಮುಟ್ಟಿಸಿದ. ಸಣ್ಣ ಹೊಗೆಯೆದ್ದಿತು, ರಾಳ ಸುಟ್ಟ ವಾಸನೆ, ಧೂಪ ಹಾಕಿದಂತೆ. ರೇಡಿಯೋ ಮಾತಾಡಿತು. ನಾನು ಡಿಪ್ಲೊಮಾ ಓದಲು ಎಲೆಕ್ಟ್ರಾನಿಕ್ಸನ್ನೇ ಆರಿಸಿಕೊಂಡದ್ದಕ್ಕೆ ಆ ಹೊಗೆಯೇ ಕಾರಣವೆಂದರೆ ತಪ್ಪಾಗಲಾರದು.

ಓದುವಾಗ ತಿಳಿದದ್ದೇನೆಂದರೆ, ಆ ರೇಡಿಯೋ ಅಂಗಡಿಯ ವಿದ್ಯೆಗೂ ಕಲಾಯಿ ಸಾಬರ ವಿದ್ಯೆಗೂ ತಿರುಳು ಒಂದೇ. ಬೆಸುಗೆಯೆಂದರೆ ಅಂಟು ಹಚ್ಚುವುದಲ್ಲ. ಕರಗಿದ ತವರವು ತಾಮ್ರದ ಮೇಲೆ ನೀರಿನಂತೆ ಹರಡಿ, ಅವೆರಡೂ ಸೇರುವ ಗಡಿಯಲ್ಲಿ ಹೊಸದೊಂದು ಸಂಯುಕ್ತದ ಪದರ ಹುಟ್ಟಬೇಕು. ಆ ಪದರದ ದಪ್ಪ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ ಮಾತ್ರ. ಇಡೀ ಬೆಸುಗೆಯ ಬಲವೆಲ್ಲ ಅದರಲ್ಲಿದೆ. ತಾಮ್ರದ ಮೇಲೆ ಗಾಳಿಯಿಂದ ಕವಿದ ತುಕ್ಕಿನ ತೆರೆ ಇದ್ದರೆ ಈ ಪದರ ಹುಟ್ಟುವುದಿಲ್ಲ. ಆ ತೆರೆಯನ್ನು ಕಳೆಯುವ ಕೆಲಸವನ್ನು ಪಾತ್ರೆಯಲ್ಲಿ ನವಸಾಗರ ಮಾಡಿದರೆ, ರೇಡಿಯೋದಲ್ಲಿ ರಾಳ ಮಾಡುತ್ತದೆ. ಶುದ್ಧ ತವರ 232 ಡಿಗ್ರಿ ಸೆಲ್ಷಿಯಸ್‌ನಲ್ಲಿ ಕರಗುತ್ತದೆ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆಸಿದರೆ ಮಿಶ್ರಣವು 183 ಡಿಗ್ರಿಯಲ್ಲೇ ಕರಗಿ, ನಡುವೆ ಗಂಜಿಯಂತಾಗದೆ ನೇರವಾಗಿ ಗಟ್ಟಿಯಾಗುತ್ತದೆ. ಬಹುಕಾಲ ಜಗತ್ತಿನ ವಿದ್ಯುನ್ಮಾನ ಉದ್ಯಮವೆಲ್ಲ ಈ ಮಿಶ್ರಣದ ಮೇಲೆಯೇ ನಿಂತಿತ್ತು.

ನಾನು 1979ರಲ್ಲಿ ಬೆಂಗಳೂರಿಗೆ ಬಂದಾಗ ಆ ನಗರ ಈ ಕೆಲಸದಲ್ಲಿ ಆಗಲೇ ಪಳಗಿತ್ತು. ದೂರವಾಣಿ ನಗರದ ಐ.ಟಿ.ಐ. 1948ರಲ್ಲಿಯೂ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿಯೂ ಸ್ಥಾಪಿತವಾಗಿದ್ದವು. ರಾಜ್ಯ ಸರ್ಕಾರದ ಕಿಯೋನಿಕ್ಸ್ 1976ರಲ್ಲಿ ಹುಟ್ಟಿತ್ತು. ಇವುಗಳ ನೆರಳಿನಲ್ಲಿ ಪೀಣ್ಯದಲ್ಲಿ ಹತ್ತಾರು ಸಣ್ಣ ಕಾರ್ಖಾನೆಗಳು ಬೆಳೆದಿದ್ದವು. ಅಂಥ ಒಂದರಲ್ಲಿ ನನಗೆ ಪರೀಕ್ಷಕನ ಕೆಲಸ ದೊರೆಯಿತು. ರೇಡಿಯೋದಲ್ಲಿ ನಾನು ಕಂಡಿದ್ದ ಬಳ್ಳಿಯಂಥ ತಂತಿಗಳು ಆ ವೇಳೆಗೆ ಹೋಗಿಬಿಟ್ಟಿದ್ದವು. ಆಸ್ಟ್ರಿಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರು 1930ರ ದಶಕದಲ್ಲಿ ರೂಪಿಸಿದ ಮುದ್ರಿತ ಮಂಡಲದ ಫಲಕಗಳು, ಎಂದರೆ ಪಿ.ಸಿ.ಬಿ.ಗಳು, ಅವುಗಳ ಸ್ಥಾನವನ್ನು ಹಿಡಿದಿದ್ದವು. ಹಸಿರು ಫಲಕದ ಮೈಮೇಲೆ ತಾಮ್ರದ ದಾರಿಗಳು. ದಾರಿಗಳ ತುದಿಯಲ್ಲಿ ತೂತುಗಳು. ತೂತುಗಳಲ್ಲಿ ಬಿಡಿಭಾಗಗಳ ಕಾಲುಗಳು.

ಒಂದು ಫಲಕ ಸಿದ್ಧವಾಗುತ್ತಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಉದ್ದನೆಯ ಮೇಜಿನ ಎರಡೂ ಕಡೆ ಹೆಣ್ಣುಮಕ್ಕಳು ಕುಳಿತು ರೆಸಿಸ್ಟರು, ಕೆಪಾಸಿಟರು, ಐ.ಸಿ. ಮುಂತಾದವನ್ನು ಕೈಯಿಂದಲೇ ತೂತುಗಳಿಗೆ ಇಳಿಸುತ್ತಿದ್ದರು. ಪ್ರತಿಯೊಬ್ಬಳ ಮಣಿಕಟ್ಟಿಗೂ ಒಂದು ಪಟ್ಟಿ. ಅದರಿಂದ ನೆಲಕ್ಕೆ ಒಂದು ತಂತಿ, ನಡುವೆ ಹತ್ತು ಲಕ್ಷ ಓಮಿನ ಒಂದು ರೆಸಿಸ್ಟರು. ನಮ್ಮ ಮೈಯಲ್ಲಿ ಸೀರೆಯ ಉಜ್ಜುವಿಕೆಯಿಂದ ಹುಟ್ಟುವ ವಿದ್ಯುತ್ತು ಐ.ಸಿ.ಯನ್ನು ಒಳಗೊಳಗೇ ಕೊಲ್ಲದಂತೆ ಅದು ಮೆಲ್ಲನೆ ನೆಲಕ್ಕಿಳಿಸುತ್ತದೆ. ತುಂಬಿದ ಫಲಕವು ಬೆಸುಗೆಯ ಯಂತ್ರದೊಳಕ್ಕೆ ಸರಪಳಿಯ ಮೇಲೆ ಸಾಗುತ್ತಿತ್ತು. ಮೊದಲು ಫ್ಲಕ್ಸಿನ ನೊರೆ, ಬಳಿಕ ಸುಮಾರು ನೂರು ಡಿಗ್ರಿಯ ಬಿಸಿ, ಆಮೇಲೆ 250 ಡಿಗ್ರಿಯಷ್ಟು ಕಾದ ತವರ-ಸೀಸದ ತೊಟ್ಟಿಯಲ್ಲಿ ಕಾರಂಜಿಯಂತೆ ಉಬ್ಬಿ ನಿಂತ ಒಂದು ಅಲೆ. ಫಲಕದ ತಳ ಆ ಅಲೆಯನ್ನು ಮೂರು ನಾಲ್ಕು ಸೆಕೆಂಡು ಸವರಿಕೊಂಡು ಹೋದರೆ ನೂರಾರು ಬೆಸುಗೆಗಳು ಏಕಕಾಲಕ್ಕೆ ಮುಗಿಯುತ್ತಿದ್ದವು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಅಲೆ-ಬೆಸುಗೆಯ ಯಂತ್ರವನ್ನು ಮೊದಲು ನೋಡಿದ ದಿನ ನಾನು ಊಟದ ಗಂಟೆಯನ್ನೇ ಮರೆತಿದ್ದೆ. ಕೊನೆಯದಾಗಿ ಅಂಟಿದ ಫ್ಲಕ್ಸನ್ನು ದ್ರಾವಕದಲ್ಲಿ ತೊಳೆಯುತ್ತಿದ್ದರು. ಅಂದು ನಾವು ಬಳಸುತ್ತಿದ್ದ ಬಗೆಯ ದ್ರಾವಕಗಳು ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಬಳಕೆಯಿಂದ ತೆಗೆಯಲ್ಪಟ್ಟವು.

ಅಲ್ಲಿಂದ ಫಲಕಗಳು ನೋಡುವ ಮೇಜಿಗೆ ಬರುತ್ತಿದ್ದವು. ಸುತ್ತಲೂ ವರ್ತುಲಾಕಾರದ ದೀಪವಿದ್ದ ಭೂತಗನ್ನಡಿಯ ಕೆಳಗೆ ಪ್ರತಿಯೊಂದು ಬೆಸುಗೆಯನ್ನೂ ನೋಡಿ, ಸಂಶಯವಿದ್ದ ಕಡೆ ಕೆಂಪು ಕಾಗದದ ಸಣ್ಣ ಬಾಣವನ್ನು ಅಂಟಿಸುವುದು ಅಲ್ಲಿನ ಪದ್ಧತಿ. ಆ ಮೇಜಿನಲ್ಲಿದ್ದವರ ಪೈಕಿ ಹಿರಿಯಳು ತುಮಕೂರು ಕಡೆಯ ಒಬ್ಬ ಹೆಣ್ಣುಮಗಳು. ಏಳನೆಯ ತರಗತಿಯವರೆಗೆ ಓದಿದ್ದವಳು. ಕಾರ್ಖಾನೆಯ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಾಣ ಬಿದ್ದ ಫಲಕಗಳು ನನ್ನ ಮುಂದೆ ಬರುತ್ತಿದ್ದವು. ತಿದ್ದಲು ಕಳಿಸಬೇಕೋ, ಬಾಣ ಕಿತ್ತು ಮುದ್ರೆಯೊತ್ತಬೇಕೋ ಎಂಬ ತೀರ್ಮಾನ ನನ್ನದು. ನನ್ನ ಮುದ್ರೆಗೆ ಒಂದು ಸಂಖ್ಯೆಯಿತ್ತು. ಅದರ ಮೇಲೆ ಕಾರ್ಖಾನೆಯಲ್ಲಿ ಬೇರೆ ಮಾತಿರಲಿಲ್ಲ.

1984ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯು ನಮ್ಮ ಹಳ್ಳಿಗಳಿಗೆಂದೇ ಒಂದು ಸಣ್ಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. 128 ದ್ವಾರಗಳ ಆ ಕೇಂದ್ರಕ್ಕೆ ಹವಾನಿಯಂತ್ರಣ ಬೇಕಿರಲಿಲ್ಲ. ಧೂಳು, ಸೆಕೆ, ತೇವ ಎಲ್ಲವನ್ನೂ ತಡೆದುಕೊಳ್ಳುವಂತೆ ಅದನ್ನು ಯೋಚಿಸಿ ಕಟ್ಟಿದ್ದರು. ಅದರ ಮೊದಲನೆಯ ಕೇಂದ್ರ 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿಯೇ ಆರಂಭವಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ವಿನ್ಯಾಸವನ್ನು ಸಿ-ಡಾಟ್ ಹಲವು ತಯಾರಕರಿಗೆ ಹಂಚಿಕೊಟ್ಟಿತು. ಅವರಿಂದ ನಮ್ಮಂಥ ಸಣ್ಣ ಕಾರ್ಖಾನೆಗೂ ಹಳ್ಳಿಯ ದೂರವಾಣಿಯ ಕಾರ್ಡುಗಳನ್ನು ಜೋಡಿಸಿ ಕೊಡುವ ಕೆಲಸ ಬಂತು.

ನನಗೆ ಇದು ಬರಿಯ ಸಂಬಳದ ಕೆಲಸವಾಗಿರಲಿಲ್ಲ. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ತುಂಬಿ ದಾರಿ ಕಟ್ಟಿದ ರಾತ್ರಿ, ಕಂಬಳಿಕೊಪ್ಪೆ ಹೊದ್ದು ಲಾಟೀನು ಹಿಡಿದು ವೈದ್ಯರನ್ನು ಕರೆಯಲು ಹೊರಟವರು ಬೆಳಗಾದ ಮೇಲೆ ಬರಿಗೈಯಲ್ಲಿ ಮರಳುತ್ತಿದ್ದುದನ್ನು ಬಾಲ್ಯದಲ್ಲಿ ನಾನು ಕಂಡಿದ್ದೆ. ಊರಿಗೆ ಹೋದಾಗಲೆಲ್ಲ, "ಇನ್ನು ನಮ್ಮ ಸೀಮೆಗೂ ದೂರವಾಣಿ ಬರುತ್ತದೆ, ಅದರಲ್ಲಿ ನಮ್ಮ ಕೈಕೆಲಸವೂ ಇರುತ್ತದೆ" ಎಂದು ತಂದೆಯವರೆದುರು ಹೆಚ್ಚು ಕಡಿಮೆ ಜಂಬ ಕೊಚ್ಚಿಕೊಂಡಿದ್ದೆ.

ಒಂದು ತಿಂಗಳ ಕೊನೆಯ ದಿನ. ಸಂಜೆಯ ಲಾರಿಗೆ ಕಾರ್ಡುಗಳು ಹೋಗಲೇಬೇಕು. ಅಂಥ ದಿನಗಳಲ್ಲಿ ಕಾರ್ಖಾನೆಯ ಗಾಳಿಯೇ ಬೇರೆ. ಅಕ್ಕನ ಮೇಜಿನಿಂದ ಬಂದ ಕಾರ್ಡುಗಳ ಪೈಕಿ ಹಲವಕ್ಕೆ ಒಂದೇ ಜಾಗದಲ್ಲಿ, ಒಂದು ರೆಸಿಸ್ಟರಿನ ಕಾಲಿನ ಬಳಿ, ಕೆಂಪು ಬಾಣಗಳಿದ್ದವು. ನಾನು ಮೊದಲನೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ತವರ ಧಾರಾಳವಾಗಿತ್ತು, ದುಂಡಗೆ ಮುತ್ತಿನಂತೆ ಹೊಳೆಯುತ್ತಿತ್ತು. ತಣ್ಣಗಿನ ಬೆಸುಗೆ ಮಂಕಾಗಿ, ಹರಳು ಹರಳಾಗಿ ಇರುತ್ತದೆಂದು ಪಠ್ಯಪುಸ್ತಕ ಹೇಳುತ್ತದೆ. ಇದರಲ್ಲಿ ಮಂಕು ಎಲ್ಲಿದೆ? ಅಳತೆಯ ಯಂತ್ರಕ್ಕೆ ಚುಚ್ಚಿ ನೋಡಿದೆ. ವಿದ್ಯುತ್ತು ಸರಾಗವಾಗಿ ಹರಿಯಿತು. ನಾನು ಬಾಣವನ್ನು ಕಿತ್ತೆ.

ಅಕ್ಕ ತನ್ನ ಮೇಜಿನಿಂದ ಎದ್ದು ಬಂದಳು. "ಹೊಳೀತದೆ ಸಾರ್, ಹಿಡ್ದಿಲ್ಲ. ಅಂಚು ನೋಡಿ" ಎಂದಳು. ನಾನು ಅಂಚನ್ನು ನೋಡಲಿಲ್ಲ, ಗಡಿಯಾರವನ್ನು ನೋಡಿದೆ. "ಯಂತ್ರ ಸರಿಯೆಂದು ಹೇಳುತ್ತಿದೆಯಲ್ಲಮ್ಮ" ಎಂದೆ. ಆಕೆ ಮರುಮಾತಾಡದೆ ಹಿಂದಿರುಗಿದಳು. ಉಳಿದ ಬಾಣಗಳನ್ನು ನಾನು ಕಾರ್ಡನ್ನು ಭೂತಗನ್ನಡಿಯ ಕೆಳಗೆ ಕೂಡ ಇಡದೆ ಕಿತ್ತುಹಾಕಿದೆ. ಮುದ್ರೆಯೊತ್ತಿದೆ. ಲಾರಿ ಹೊರಟಿತು.

ಮರುವರ್ಷ ಮಳೆಗಾಲ ಕಳೆದ ಮೇಲೆ, ಕೆಟ್ಟು ಹಿಂದಿರುಗಿದ ಕಾರ್ಡುಗಳ ಪೆಟ್ಟಿಗೆಯಲ್ಲಿ ನನ್ನ ಸಂಖ್ಯೆಯ ಮುದ್ರೆಯಿದ್ದ ಒಂದು ಕಾರ್ಡು ಬಂತು. ಮಲೆನಾಡಿನ ಒಂದು ಊರಿನಿಂದ ಬಂದದ್ದು. ಜೊತೆಗಿದ್ದ ಚೀಟಿಯಲ್ಲಿ, ಮಳೆ ಹಿಡಿದ ರಾತ್ರಿಗಳಲ್ಲಿ ಕೆಲವು ತಂತಿಗಳು ಸತ್ತಂತಾಗುತ್ತವೆ, ಹಗಲು ಬಿಸಿಲೇರಿ ಮೆಕ್ಯಾನಿಕ್ ಬರುವ ಹೊತ್ತಿಗೆ ತಾವಾಗಿಯೇ ಸರಿಹೋಗುತ್ತವೆ, ಮೂರು ಸಲ ದೂರು ಬಂದಿದೆ ಎಂದು ಬರೆದಿತ್ತು. ಕೊನೆಯ ಸಾಲಿನಲ್ಲಿ, ಆ ತಂತಿಗಳಲ್ಲಿ ಒಂದು ವೈದ್ಯರ ಮನೆಯದು ಎಂದಿತ್ತು.

ಕಾರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ಮುತ್ತು ಇನ್ನೂ ಹೊಳೆಯುತ್ತಲೇ ಇತ್ತು. ಆದರೆ ತವರವು ರೆಸಿಸ್ಟರಿನ ಕಾಲನ್ನು ಸೇರುವ ಅಂಚು ತೆಳುವಾಗಿ ಮೇಲೇರಿರಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹನಿಯಂತೆ ಒಳಕ್ಕೆ ಮಡಚಿ ನಿಂತಿತ್ತು. ಕಾಲಿಗೂ ತವರಕ್ಕೂ ನಡುವೆ ಕೂದಲೆಳೆಗಿಂತ ಸಣ್ಣದಾದ ಒಂದು ಕಪ್ಪು ಗೆರೆ. ಅದು ಸಿಕ್ಕಿಬಿದ್ದಿದ್ದ ರಾಳ ಮತ್ತು ತುಕ್ಕು. ಆ ರೆಸಿಸ್ಟರುಗಳ ಪೊಟ್ಟಣ ಒಂದು ಮಳೆಗಾಲವಿಡೀ ಬಾಯಿ ತೆರೆದೇ ಉಗ್ರಾಣದಲ್ಲಿ ಬಿದ್ದಿದ್ದುದು ಆಮೇಲೆ ತಿಳಿಯಿತು. ಕಾಲುಗಳಿಗೆ ಕಿಲುಬು ಹಿಡಿದಿತ್ತು. ತವರ ಅದನ್ನು ಮುತ್ತಿತ್ತೇ ಹೊರತು ಮುಟ್ಟಿರಲಿಲ್ಲ. ಎಲ್ಲೋ ಒಂದು ಬಿಂದುವಿನಲ್ಲಿ ತಗುಲಿಕೊಂಡಿದ್ದರಿಂದ ನನ್ನ ಅಳತೆಯ ಯಂತ್ರಕ್ಕೆ ಆ ದಿನ ಸರಿಯೆಂದೇ ಕಂಡಿತ್ತು. ರಾತ್ರಿಯ ತಂಪಿಗೆ ಲೋಹ ಕುಗ್ಗಿದಾಗ ಆ ಬಿಂದುವೂ ಬಿಟ್ಟುಕೊಳ್ಳುತ್ತಿತ್ತು.

ಇಂಥ ಕಾರ್ಡಿನ ಮೇಲೆ ಕಾರಣ ನಮೂದಿಸಿ ವರದಿ ಬರೆಯಬೇಕಾದವನೂ ನಾನೇ. ನಾಚಿಕೆಯಿಂದಲೇ ಹೇಳುತ್ತೇನೆ, ಮೊದಲು ನಾನು ಬರೆದದ್ದು "ವಾತಾವರಣದ ಅತಿಯಾದ ತೇವಾಂಶ" ಎಂದು. ಅದು ಸುಳ್ಳೆನ್ನುವಂತಿರಲಿಲ್ಲ, ಮಲೆನಾಡಿನ ಮಳೆಯ ಮೇಲೆ ಅಪವಾದ ಹೊರಿಸಿದರೆ ಕೇಳುವವರೂ ಇರಲಿಲ್ಲ. ಆ ಹೊತ್ತಿಗೆ ಅಕ್ಕ ಯಾವುದೋ ಕೆಲಸಕ್ಕೆ ಬಂದವಳು ಮೇಜಿನ ಮೇಲಿದ್ದ ಕಾರ್ಡನ್ನು ಕಂಡಳು. ಎತ್ತಿ ನೋಡಿದಳು. "ಇದು ನಾನು ಬಾಣ ಅಂಟ್ಸಿದ್ದು ಅಲ್ವಾ ಸಾರ್?" ಎಂದಳು. ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ. ಕಳೆದುಹೋದ ತನ್ನದೊಂದು ವಸ್ತುವನ್ನು ಗುರುತು ಹಿಡಿದವಳಂತೆ ಕೇಳಿದ್ದಳು. ನಾನು ಹೌದೆಂದೆ. ಹಲಸಿನ ಮರದ ಕೆಳಗೆ ತಪ್ಪಲೆ ಹಿಡಿದು ನಿಂತಿದ್ದ ತಾಯಿ ನೆನಪಾದದ್ದು ಆಗಲೇ.

ಆ ವರದಿಯನ್ನು ಹರಿದು ಬೇರೆ ಬರೆದೆ. ಬಾಣವಿತ್ತು, ಪರೀಕ್ಷಕನು ಅದನ್ನು ನೋಡದೆ ತೆಗೆದನು, ಆ ಪರೀಕ್ಷಕನು ನಾನು ಎಂದು ಬರೆದೆ. ನನ್ನ ಆ ವರ್ಷದ ಬಡ್ತಿ ನಿಂತಿತು, ಅದು ನ್ಯಾಯವೇ. ಉಗ್ರಾಣದಲ್ಲಿ ಉಳಿದಿದ್ದ ಅದೇ ಕಂತಿನ ಕಾರ್ಡುಗಳನ್ನೆಲ್ಲ ಅಕ್ಕನ ಮೇಜಿಗೆ ಮರಳಿಸಿದೆವು. ಅದೇ ದೋಷದವು ಇನ್ನೂ ಕೆಲವು ಸಿಕ್ಕಿದವು. ಹೊರಗೆ ಹೋಗಿದ್ದವನ್ನು ಪತ್ರ ಬರೆದು ತರಿಸಿಕೊಂಡೆವು. ಅಂದಿನಿಂದ ಬಿಡಿಭಾಗಗಳ ಪ್ರತಿ ಕಂತಿನಿಂದಲೂ ನಾಲ್ಕಾರನ್ನು ಮೊದಲೇ ಕರಗಿದ ತವರದಲ್ಲಿ ಅದ್ದಿ, ಕಾಲಿಗೆ ತವರ ಹತ್ತುತ್ತದೆಯೋ ಇಲ್ಲವೋ ಎಂದು ನೋಡುವ ಪದ್ಧತಿ ನಮ್ಮಲ್ಲಿ ಬಂತು. ಇಷ್ಟಾದರೂ, ಆ ಮಳೆಗಾಲದ ರಾತ್ರಿಗಳಲ್ಲಿ ಆ ಊರಿನಲ್ಲಿ ಯಾರಾದರೂ ವೈದ್ಯರಿಗೆ ದೂರವಾಣಿ ಮಾಡಲು ಹೋಗಿ ನಿರಾಶರಾದರೇ ಎಂಬುದು ನನಗೆ ಇಂದಿಗೂ ತಿಳಿಯದು. ತಿಳಿದುಕೊಳ್ಳುವ ಧೈರ್ಯ ಅಂದು ನನಗಾಗಲಿಲ್ಲ.

ನಾನು ಬೆಸುಗೆಯನ್ನು ನೋಡಲು ಕಲಿತದ್ದು ಆ ಮೇಲೆ, ಅಕ್ಕನ ಪಕ್ಕದಲ್ಲಿ ಕುಳಿತು. ಹೊಳಪನ್ನು ನೋಡಬಾರದು, ಅಂಚನ್ನು ನೋಡಬೇಕು. ತವರವು ಎರಡೂ ಕಡೆ ತೆಳುವಾಗಿ, ಕೆರೆಯ ನೀರು ದಡವನ್ನು ಸೇರುವಂತೆ ಸೇರಬೇಕು. ಅಮೆರಿಕದ ಐಪಿಸಿ ಎಂಬ ಸಂಸ್ಥೆ 1983ರಲ್ಲಿ ಮೊದಲು ಪ್ರಕಟಿಸಿದ ಎ-610 ಎಂಬ ಮಾನಕ ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ಪ್ರಮಾಣಗ್ರಂಥದಂತಿದೆ. ತವರ ಮತ್ತು ಲೋಹ ಕೂಡುವ ಕೋನ ಸಾಮಾನ್ಯವಾಗಿ 90 ಡಿಗ್ರಿಯನ್ನು ಮೀರಬಾರದೆಂದು ಅದು ಹೇಳುತ್ತದೆ. ಅಕ್ಕ ಆ ಗ್ರಂಥವನ್ನು ಕಂಡವಳಲ್ಲ. ಅದರ ತಿರುಳನ್ನು ಬಲ್ಲವಳಾಗಿದ್ದಳು.

ಕಾಲ ಬದಲಾಯಿತು. ಸೀಸವು ವಿಷ. ಎಸೆದ ಫಲಕಗಳಿಂದ ಅದು ಮಣ್ಣು ನೀರುಗಳನ್ನು ಸೇರುತ್ತದೆಂದು ಐರೋಪ್ಯ ಒಕ್ಕೂಟವು 2006ರ ಜುಲೈ 1ರಿಂದ ಬಹುತೇಕ ಉಪಕರಣಗಳಲ್ಲಿ ಅದನ್ನು ನಿರ್ಬಂಧಿಸಿತು. ನಮ್ಮ ದೇಶದಲ್ಲಿಯೂ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳು 2012ರಲ್ಲಿ ಜಾರಿಗೆ ಬಂದವು. ಈಗ ಹೆಚ್ಚಾಗಿ ಬಳಸುವ ಬೆಸುಗೆಯಲ್ಲಿ ನೂರಕ್ಕೆ 96.5 ತವರ, 3 ಬೆಳ್ಳಿ, 0.5 ತಾಮ್ರ. ಅದು ಕರಗಲು 217 ಡಿಗ್ರಿ ದಾಟಬೇಕು. ವಿಶೇಷವೇನೆಂದರೆ, ಈ ಹೊಸ ಬೆಸುಗೆ ಚೆನ್ನಾಗಿ ಹಿಡಿದಾಗಲೂ ಹೊಳೆಯುವುದಿಲ್ಲ. ಬೂದು ಬಣ್ಣಕ್ಕೆ ಮಂಕಾಗಿಯೇ ಇರುತ್ತದೆ. ಹೊಳಪನ್ನು ನಂಬಿದ್ದ ಹಳೆಯ ಪರೀಕ್ಷಕರು ಒಳ್ಳೆಯ ಫಲಕಗಳನ್ನೆಲ್ಲ ತಿರಸ್ಕರಿಸತೊಡಗಿದರು. ಅಂಚನ್ನು ನೋಡುವುದನ್ನು ಕಲಿತಿದ್ದವರಿಗೆ ಮಾತ್ರ ತೊಂದರೆಯಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮಗಳು ತಾನು ಕೆಲಸಮಾಡುವ ಮೈಸೂರಿನ ಕಾರ್ಖಾನೆಯನ್ನು ನೋಡಲು ಕರೆದೊಯ್ದಳು. ಆಕೆಯೂ ಈ ಶಾಲೆಯಲ್ಲಿಯೇ ಓದಿದವಳು. ಅಲ್ಲಿ ನಮ್ಮ ಕಾಲದ ಉದ್ದನೆಯ ಮೇಜಿಲ್ಲ. ತಂಪು ಪೆಟ್ಟಿಗೆಯಲ್ಲಿ ಕಾದಿರಿಸಿದ ಬೆಸುಗೆಯ ಪೇಸ್ಟನ್ನು, ಎಂದರೆ ಫ್ಲಕ್ಸಿನಲ್ಲಿ ಕಲೆಸಿದ ತವರದ ಕಣಗಳನ್ನು, ತೂತು ಕೊರೆದ ಉಕ್ಕಿನ ಹಾಳೆಯ ಮೂಲಕ ಒಂದು ಯಂತ್ರ ಫಲಕದ ಮೇಲೆ ರಂಗೋಲಿಯಂತೆ ಅಚ್ಚೊತ್ತುತ್ತದೆ. ಮತ್ತೊಂದು ಯಂತ್ರ ಕಾಲುಗಳೇ ಇಲ್ಲದ ಬಿಡಿಭಾಗಗಳನ್ನು ಗಾಳಿಯಿಂದ ಹೀರಿ ಎತ್ತಿ, ಗಂಟೆಗೆ ಹತ್ತಾರು ಸಾವಿರದಂತೆ ಅದರ ಮೇಲೆ ಕೂರಿಸುತ್ತದೆ. ಕೆಲವು 0.6 ಮಿಲಿಮೀಟರು ಉದ್ದ, 0.3 ಮಿಲಿಮೀಟರು ಅಗಲ. ಬರಿಗಣ್ಣಿಗೆ ರಾಗಿಯ ನುಚ್ಚು ಕೂಡ ಅದಕ್ಕಿಂತ ದೊಡ್ಡದೆನಿಸೀತು. ಬಳಿಕ ಫಲಕವು ಉದ್ದನೆಯ ಒಲೆಯೊಂದನ್ನು ಹೊಕ್ಕು, ಹಂತ ಹಂತವಾಗಿ ಕಾದು, 240 ಡಿಗ್ರಿಯ ಆಸುಪಾಸು ಮುಟ್ಟಿ, ತಣಿದು ಹೊರಬರುತ್ತದೆ. ಕೆಲವು ಐ.ಸಿ.ಗಳ ಬೆಸುಗೆಗಳು ಅವುಗಳ ಹೊಟ್ಟೆಯ ಕೆಳಗೆ ಅಡಗಿರುತ್ತವೆ; ಅವನ್ನು ಕ್ಷ-ಕಿರಣದಿಂದ ನೋಡುತ್ತಾರೆ.

ನೋಡುವ ಕೆಲಸಕ್ಕೂ ಒಂದು ಯಂತ್ರವಿತ್ತು. ಕ್ಯಾಮೆರಾದ ಸುತ್ತ ಕೆಂಪು, ಹಸಿರು, ನೀಲಿ ದೀಪಗಳ ಬಳೆಗಳು ಬೇರೆ ಬೇರೆ ಓರೆಯಲ್ಲಿವೆ. ಬೆಸುಗೆಯ ಮೈ ಚಪ್ಪಟೆಯಾಗಿರುವಲ್ಲಿ ಒಂದು ಬಣ್ಣ, ಇಳಿಜಾರಿರುವಲ್ಲಿ ಮತ್ತೊಂದು ಬಣ್ಣ ಕ್ಯಾಮೆರಾಕ್ಕೆ ಪ್ರತಿಫಲಿಸುತ್ತದೆ. ಆ ಬಣ್ಣಗಳಿಂದ ಅಂಚಿನ ಇಳಿಜಾರನ್ನು ಯಂತ್ರ ಲೆಕ್ಕಹಾಕುತ್ತದೆ. ಇದನ್ನು ಕೇಳಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಾರದವನಾದೆ. ಅಷ್ಟು ಬೆಲೆಬಾಳುವ ಯಂತ್ರ ಕಲಿತದ್ದೂ ಅಂಚನ್ನು ನೋಡುವುದನ್ನೇ.

ಸಂಶಯ ಬಂದ ಕಡೆ ಯಂತ್ರ ಪರದೆಯ ಮೇಲೆ ಕೆಂಪು ಚೌಕ ಹಾಕುತ್ತದೆ. ಆ ಪರದೆಯ ಮುಂದೆ ಕುಳಿತು, ದೋಷ ನಿಜವೋ ಅಲ್ಲವೋ ಎಂದು ಗುಂಡಿಯೊತ್ತುವುದು ನಮ್ಮ ಹುಡುಗಿಯ ಕೆಲಸ. "ಯಂತ್ರ ಎಷ್ಟೋ ಸಲ ಸುಮ್ಮಸುಮ್ಮನೆ ಕೂಗ್ಹಾಕುತ್ತೆ ದೊಡ್ಡಪ್ಪ. ನಿಜವಾದ ತಪ್ಪು ಅಪರೂಪ. ಸರಿ ಅಂತ ಒತ್ತೀ ಒತ್ತೀ ಬೆರಳಿಗೆ ಅದೇ ಅಭ್ಯಾಸವಾಗಿಬಿಡುತ್ತೆ" ಎಂದಳು. "ಬಿಡುವಿಲ್ಲದ ದಿನ?" ಎಂದು ಕೇಳಿದೆ. ಆಕೆ ಕೂಡಲೇ ಉತ್ತರ ಕೊಡಲಿಲ್ಲ. "ಅಂಥ ದಿನ ಚೌಕ ಕಾಣೋಕೆ ಮುಂಚೇನೇ ಬೆರಳು ಹೋಗಿರುತ್ತೆ" ಎಂದಳು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನು ಆಕೆಗೆ ಆ ಕಾರ್ಡಿನ ವಿಷಯವನ್ನೆಲ್ಲ ಹೇಳಿದೆ. ಮನೆಯವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಇಂದು ಪೀಣ್ಯದಿಂದ ಮೈಸೂರಿನವರೆಗೆ, ನಂಜನಗೂಡಿನಿಂದ ಕೋಲಾರದ ನರಸಾಪುರದವರೆಗೆ ಫಲಕಗಳನ್ನು ಮಾಡುವ, ಜೋಡಿಸುವ ಎಷ್ಟೋ ಕಾರ್ಖಾನೆಗಳಿವೆ. ನಮ್ಮ ಶಾಲೆಯ ಮಕ್ಕಳು ನಾಳೆ ಹೋಗಿ ಕುಳಿತುಕೊಳ್ಳುವುದು ಅಂಥ ಪರದೆಗಳ ಮುಂದೆಯೇ.

ಇನ್ನು ಪಟ್ಟಿಯ ವಿಷಯ. ದಾನಿಗಳು ದೊಡ್ಡ ಯಂತ್ರಗಳ ಕಡೆ ಮನಸ್ಸು ಹರಿಸುವುದು ಬೇಡವೆಂದು ಸವಿನಯವಾಗಿ ಅರಿಕೆ ಮಾಡುತ್ತೇನೆ. ಶಾಖವನ್ನು ನಿಯಂತ್ರಿಸಬಲ್ಲ ಐವತ್ತು ಅರವತ್ತು ವ್ಯಾಟಿನ ಸಾಲ್ಡರಿಂಗ್ ಐರನ್‌ಗಳು ನಾಲ್ಕು, ಅವುಗಳಿಗೆ ಭದ್ರವಾದ ನಿಲುವುಗಳು. ಸೀಸವಿಲ್ಲದ, ಒಳಗೆ ರಾಳವಿರುವ ಬೆಸುಗೆ ತಂತಿ. ಮಕ್ಕಳ ಕೈಗೆ ಸೀಸ ಬೇಡವೇ ಬೇಡ. ಹಳೆಯ ಬೆಸುಗೆಯನ್ನು ಹೀರುವ ಪಂಪು ಮತ್ತು ತಾಮ್ರದ ಜಾಲರಿ. ದೀಪವಿರುವ ಭೂತಗನ್ನಡಿಗಳು ಎರಡು. ಮಲ್ಟಿಮೀಟರುಗಳು ಎರಡು. ಮಣಿಕಟ್ಟಿನ ಪಟ್ಟಿಗಳು, ಕಣ್ಣಿಗೆ ರಕ್ಷಣೆಯ ಕನ್ನಡಕಗಳು. ರಾಳದ ಹೊಗೆ ವಾಸನೆಗೆ ಹಿತವಾದರೂ ಶ್ವಾಸಕೋಶಕ್ಕೆ ಹಿತವಲ್ಲವಾದ್ದರಿಂದ ಅದನ್ನು ಹೊರಕ್ಕೆ ಎಳೆಯುವ ಫ್ಯಾನು ಕಡ್ಡಾಯ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಲು ಹತ್ತಿರದಲ್ಲೇ ಒಂದು ನಲ್ಲಿ ಇರಲಿ. ಅಭ್ಯಾಸಕ್ಕೆ ಕೆಟ್ಟ ರೇಡಿಯೋಗಳ ಫಲಕಗಳು ಸಾಕು. ಆದರೆ ಅವುಗಳ ಹಳೆಯ ಬೆಸುಗೆಯಲ್ಲಿ ಸೀಸವಿರುವುದರಿಂದ ಅವನ್ನು ಮುಟ್ಟುವುದು, ಬಿಚ್ಚುವುದು ಅಧ್ಯಾಪಕರ ಕೆಲಸವಾಗಿರಲಿ, ಮಕ್ಕಳು ಭೂತಗನ್ನಡಿಯಲ್ಲಿ ನೋಡಿ ಕಲಿಯಲಿ. ಶ್ರೀಗಂಧದ ತುಂಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಬಿಡಿಸುವ ಗುಡಿಗಾರರು ಇರುವ ಸೊರಬ ಸಾಗರಗಳ ಸೀಮೆ ನಮ್ಮದು. ಸೂಕ್ಷ್ಮದ ಕೈಕೆಲಸ ನಮ್ಮ ಮಕ್ಕಳಿಗೆ ಅಸಾಧ್ಯವೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ಪಟ್ಟಿಗೆ ಎರಡು ವಸ್ತುಗಳನ್ನು ಸೇರಿಸಲು ಅಪ್ಪಣೆ ಬೇಡುತ್ತೇನೆ: ಕೆಂಪು ಕಾಗದದ ಬಾಣಗಳ ಒಂದು ಹಾಳೆ ಮತ್ತು ಒಂದು ನೋಟುಪುಸ್ತಕ. ಒಬ್ಬ ವಿದ್ಯಾರ್ಥಿ ಮಾಡಿದ ಬೆಸುಗೆಯನ್ನು ಮತ್ತೊಬ್ಬ ವಿದ್ಯಾರ್ಥಿ ನೋಡಲಿ. ಸಂಶಯವಿದ್ದಲ್ಲಿ ಬಾಣ ಅಂಟಿಸಲಿ, ಪುಸ್ತಕದಲ್ಲಿ ಕಾರಣ ಬರೆದು ಸಹಿ ಮಾಡಲಿ. ಬಾಣ ಅಂಟಿಸಿದವನು ತರಗತಿಯಲ್ಲಿ ಕೊನೆಯವನಾಗಿದ್ದರೂ, ಅಧ್ಯಾಪಕರು ಭೂತಗನ್ನಡಿಯ ಕೆಳಗೆ ಸ್ವತಃ ನೋಡದೆ ಆ ಬಾಣವನ್ನು ಕೀಳಬಾರದು. ಇದೊಂದು ನಿಯಮವನ್ನು ಗೋಡೆಯ ಮೇಲೆ ಬರೆಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ.

ಭೂತಗನ್ನಡಿಗಳೆರಡನ್ನೂ, ಫ್ಯಾನನ್ನೂ ನಾನೇ ಒದಗಿಸುತ್ತೇನೆ. ಮಳೆಗಾಲ ಕಳೆದ ಮೇಲೆ ತಿಂಗಳಿಗೆ ಒಂದು ವಾರ ಉಳವಿಯಲ್ಲಿಯೇ ಉಳಿದು, ಮಕ್ಕಳ ಜೊತೆ ಆ ಮೇಜಿನಲ್ಲಿ ಕುಳಿತುಕೊಳ್ಳಲು ಸಿದ್ಧನಿದ್ದೇನೆ. ಅಕ್ಕ ಈಗ ಇಲ್ಲ. ಇದ್ದಿದ್ದರೆ ಈ ಕೆಲಸಕ್ಕೆ ನನಗಿಂತ ಆಕೆಯನ್ನು ಕರೆಯಿರೆಂದು ಹೇಳುತ್ತಿದ್ದೆ.